ಸಾಹೇಬರ ಹಳೆಯ ಕೋಲುಗಳು

ನಾನು ಹಳೆಯ ಸಾಮಾನಿನ ಪಕ್ಷದವನು. ಇದನ್ನು ಯಾರೂ ನನ್ನ ಬಾಯಿಂದ ಹೊರಡಿಸಬೇಕಾಗಿಲ್ಲ. ನಾನಾಗಿಯೇ ಹೇಳುತ್ತಿದ್ದೇನೆ, ಬೇಕಾದರೆ ಗೋಕಾಕದ ಕೋರ್ಟಿನ ಕಟ್ಟೆಯ ಮೇಲೆ ನಿಂತು ಹೇಳಲೂ ಸಿದ್ಧ. ನನ್ನ ಸೈಕಲ್ಲು ನನಗಿಂತ ಮೊದಲು ಹುಕ್ಕೇರಿಯ ಒಬ್ಬ ಪೋಸ್ಟ್ ಮಾಸ್ತರರನ್ನು ಹೊತ್ತು ತಿರುಗಿತ್ತು. ನನ್ನ ಕರಿಯ ಕೋಟು ನಮ್ಮ ಕಾಕಾ ತೊಟ್ಟು ಬಿಟ್ಟದ್ದು. ಅವರು ದೊಡ್ಡ ಆಳಾಗಿದ್ದರಿಂದ ಅದರೊಳಗೆ ನಾನೂ ನನ್ನ ಬುತ್ತಿಯ ಡಬ್ಬಿಯೂ ಆರಾಮವಾಗಿ ಹಿಡಿಯುತ್ತಿದ್ದೆವು. ಹೊಸ ಸಾಮಾನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ಹೊಸ ಚಪ್ಪಲಿ ಕಾಲು ಕಚ್ಚುತ್ತದೆ, ಹೊಸ ಬೀಗ ಮನೆಯವರಿಗೇ ತೆರೆಯುವುದಿಲ್ಲ, ಹೊಸ ಹಂಚು ಮೊದಲಿನ ಹತ್ತು ರೊಟ್ಟಿಗಳನ್ನು ತಾನೇ ತಿಂದು ಹಾಕುತ್ತದೆ. ಹಳೆಯ ಸಾಮಾನಾದರೆ ಕಚ್ಚುವುದನ್ನೆಲ್ಲ ಬೇರೆ ಯಾರಿಗೋ ಕಚ್ಚಿ ಮುಗಿಸಿರುತ್ತದೆ. ಇದನ್ನು ಜಿಪುಣತನ ಅನ್ನುವವರು ಅನ್ನಲಿ. ಅಂದವರ ಹೆಸರು ನನಗೆ ಗೊತ್ತಿದೆ.

ಇಷ್ಟು ಗಟ್ಟಿಯಾಗಿ ಹೇಳಬೇಕಾದದ್ದು ಗಾಲ್ಫ್ ಎಂಬ ಆಟದ ದೆಸೆಯಿಂದ. ನಾನು ಆಗ ಗೋಕಾಕದ ಕಡೆಯ ಒಂದು ಗಿರಣಿಯಲ್ಲಿ ಕಾರಕೂನನಾಗಿದ್ದೆ. ಗಿರಣಿಯ ಸಾಹೇಬರು ಐದಾರು ಜನ, ಎಲ್ಲರೂ ಹಡಗಿನಲ್ಲಿ ಬಂದವರು. ಅವರು ಊರ ಹೊರಗಿನ ಮರಡಿಯ ಮೇಲೆ ಒಂಬತ್ತು ಕುಳಿ ತೋಡಿಸಿ ಪ್ರತಿ ರವಿವಾರ ಅಲ್ಲಿ ಸಣ್ಣದೊಂದು ಬಿಳಿ ಚೆಂಡನ್ನು ಕೋಲಿನಿಂದ ಹೊಡೆದು, ಅದರ ಹಿಂದೆ ತಾವೇ ನಡೆದುಕೊಂಡು ಹೋಗಿ, ಮತ್ತೆ ಹೊಡೆಯುತ್ತಿದ್ದರು. ಕುಳಿಯ ಸುತ್ತ ನುಣ್ಣಗೆ ಹುಲ್ಲಿರಬೇಕೆಂದು ಆ ಆಟದ ಶಾಸ್ತ್ರವಂತೆ. ನಮ್ಮ ಮರಡಿಯಲ್ಲಿ ಕಲ್ಲು, ಜಾಲಿಮುಳ್ಳು ಬಿಟ್ಟರೆ ಇನ್ನೇನೂ ಬೆಳೆಯುತ್ತಿರಲಿಲ್ಲವಾದ್ದರಿಂದ, ಎಣ್ಣೆ ಬೆರೆಸಿದ ಮರಳು ಹಾಸಿ ಸಾಹೇಬರು ಅದನ್ನೇ ಹುಲ್ಲೆಂದು ತಿಳಿದುಕೊಂಡು ಆಡುತ್ತಿದ್ದರು. ನಮ್ಮ ಪೈಕಿ ಆ ಬಯಲಿಗೆ ಕಾಲಿಟ್ಟವನು ಫಕೀರಪ್ಪ ಒಬ್ಬನೇ. ಅವನು ಇಪ್ಪತ್ತು ವರ್ಷದಿಂದ ಸಾಹೇಬರ ಕೋಲಿನ ಚೀಲ ಹೊತ್ತು ಬೆನ್ನು ಬಾಗಿದ್ದ ಮುದುಕ. ಉಳಿದವರು ಬೇಲಿಯ ಈಚೆಗೆ.

ಆ ವರ್ಷ ದಸರೆಗೆ ಒಂದು ತಿಂಗಳಿರುವಾಗ ದೊಡ್ಡ ಸಾಹೇಬರಿಗೆ ಏನು ಹೊಳೆಯಿತೋ, ಇಬ್ಬರು ಕಾರಕೂನರನ್ನು ಆಟಕ್ಕೆ ಸೇರಿಸಿಕೊಳ್ಳುವುದಾಗಿ ಹೇಳಿದರು. ಕೋಲುಗಳು ಅವರವರವೇ ಇರಬೇಕು. ದಸರೆಯ ಮರುದಿನ ಆಟ ಶುರುಮಾಡುವ ಮೊದಲ ದಿಬ್ಬದ ಮೇಲೆ ನಿಂತು, ಮೂರು ಚೆಂಡುಗಳಲ್ಲಿ ಒಂದನ್ನಾದರೂ ಬಯಲಿನ ನಡುವಿನ ಹಳ್ಳ ದಾಟಿಸಬೇಕು. ದಾಟಿಸಿದವನು ಪ್ರತಿ ರವಿವಾರ ಬರಬಹುದು, ದಾಟಿಸದವನು ಮತ್ತೆ ಕೇಳಬಾರದು. ಇಷ್ಟೇ ಶರತ್ತು. ಮೊದಲು ಹೆಸರು ಕೊಟ್ಟವರು ಸ್ಟೋರ್ ಕೀಪರ್ ಬಾಬುರಾವ್. ಅವರು ಕೊಟ್ಟದ್ದನ್ನು ಕಂಡು ನಾನೂ ಕೊಟ್ಟೆ. ಹುಕ್ಕೇರಿಯಲ್ಲಿ ಹುಡುಗನಾಗಿದ್ದಾಗ ಕೋಲಿನಿಂದ ಗಿಲ್ಲಿ ಹಾರಿಸುವ ಚಿಣಿಪಣಿಯಲ್ಲಿ ನಮ್ಮ ಓಣಿಗೇ ನಾನು ಮುಂದು, ಆ ಧೈರ್ಯದಿಂದ ಕೊಟ್ಟೆ ಎಂದು ಎಲ್ಲರಿಗೂ ಹೇಳಿದೆ. ಖರೆ ಕಾರಣ ಬೇರೆ. ಬಾಬುರಾವ್ ಏಳು ವರ್ಷದಿಂದ ದಿನಾ ಬೆಳಿಗ್ಗೆ ನನ್ನ ಕೋಟನ್ನು ನೋಡಿ, "ಒಳಗ ಇನ್ನೊಬ್ರು ಯಾರದಾರ್ರಿ, ಅವರಿಗೂ ಪಗಾರ ಐತೇನು?" ಎಂದು ಕೇಳುತ್ತಿದ್ದರು, ಇಡೀ ಆಫೀಸು ದಿನಾ ಹೊಸದಾಗಿ ನಗುತ್ತಿತ್ತು.

ಬಾಬುರಾವ್ ಮುಂಬಯಿಗೆ ಕಾಗದ ಬರೆದು ಹೊಸ ಕೋಲುಗಳನ್ನು ತರಿಸಿದರು. ಪಾರ್ಸೆಲ್ಲು ಘಟಪ್ರಭಾ ಸ್ಟೇಶನ್ನಿನಲ್ಲಿ ಇಳಿದ ದಿನ ಅವರು ಅರ್ಧ ದಿವಸ ರಜೆ ಹಾಕಿ ಚಕ್ಕಡಿ ಹೂಡಿಸಿಕೊಂಡು ಹೋಗಿ ತಂದರು. ಉಕ್ಕಿನ ದಂಡ, ಕನ್ನಡಿಯಂತಹ ಹೊಳಪು, ಒಂದೊಂದರ ತಲೆಗೂ ಕೂಸಿನ ಟೊಪ್ಪಿಗೆಯಂತಹ ಬೇರೆ ಬೇರೆ ಕುಲಾವಿ. ಆಫೀಸಿನ ಮೇಜಿನ ಮೇಲೆ ಅವನ್ನು ಸಾಲಾಗಿ ಮಲಗಿಸಿ, "ಕಲಿಯೋ ಮಂದಿ ಹೊಸಾವ ತಗೋಬೇಕ್ರಿ. ಮತ್ತೊಬ್ರು ಆಡಿ ಬಿಟ್ಟ ಕೋಲಿನ್ಯಾಗ ಅವರ ತಪ್ಪೆಲ್ಲಾ ಕುಂತಿರ್ತಾವು" ಎಂದರು. ಎಲ್ಲರೂ ನನ್ನ ಕಡೆ ನೋಡಿದರು. ಆಗ ನನ್ನ ನಾಲಿಗೆ ನನ್ನನ್ನು ಕೇಳದೆ ಮಾತಾಡಿಬಿಟ್ಟಿತು: "ನಾ ಹಳೇ ಕೋಲ ತಗೊಂಡು ಹಳ್ಳ ದಾಟಸ್ತೇನಿ. ದಾಟಸ್ಲಿಲ್ಲಂದ್ರ ಮರುದಿನದಿಂದ ಈ ಕೋಟು ಹಾಕೂದಿಲ್ಲ, ಹಳೇ ಸಾಮಾನಿನ ಮಾತೂ ಎತ್ತೂದಿಲ್ಲ." ಹೆಡ್ ಕ್ಲಾರ್ಕರು ಸಾಕ್ಷಿಗೆ ನಿಂತರು. ನಾನು ಬದುಕಿನಲ್ಲಿ ಕಟ್ಟಿಕೊಂಡಿದ್ದ ಸಿದ್ಧಾಂತ ಒಂದೇ, ಅದು ಈಗ ಒಂದು ಹಳ್ಳದ ದಂಡೆಯ ಮೇಲೆ ಬಂದು ನಿಂತಿತು.

ಹಳೆಯ ಕೋಲುಗಳು ಆಗಲೇ ನನ್ನ ಕಣ್ಣಲ್ಲಿದ್ದವು. ನೂಲಿನ ಖಾತೆಯ ಸಾಹೇಬರು ನೌಕರಿ ಮುಗಿಸಿ ತಮ್ಮ ದೇಶಕ್ಕೆ ಹೊರಟಿದ್ದರು. ಮೇಜು, ಕುರ್ಚಿ, ಮೀನಿನ ಗಾಳ, ಎಲ್ಲ ಮಾರುತ್ತಿದ್ದರು, ಅದರಲ್ಲಿ ಮರದ ದಂಡದ ಏಳು ಕೋಲುಗಳೂ ಇದ್ದವು. ಆದರೆ ನಮ್ಮ ಮನೆಯಲ್ಲಿ ಹಳೆಯದೇನನ್ನೂ ನಮ್ಮ ಮಾವನವರು ನೋಡದೆ ಕೊಳ್ಳುವ ರೂಢಿಯಿಲ್ಲ. ಮೂಡಲಗಿಯವರು. ದನದ ಸಂತೆಯಲ್ಲಿ ಅವರು ಬಾಲ ಎತ್ತಿ ನೋಡದ ಎತ್ತು ಸುತ್ತಿನ ಹತ್ತು ಹಳ್ಳಿಯಲ್ಲಿ ಇರಲಿಲ್ಲ. ಹೇಳಿ ಕಳಿಸಿದೆ, ಮರುದಿನವೇ ಹೆಗಲ ಮೇಲೆ ಟಾವೆಲ್ ಹಾಕಿಕೊಂಡು ಬಂದರು. ಹೊಸದೋ ಹಳೆಯದೋ ಎಂಬ ಪ್ರಶ್ನೆ ಕೇಳಿ ಅವರಿಗೆ ಆಶ್ಚರ್ಯವಾಯಿತು. "ಅಳಿಯಾರ, ರಂಟಿ ಹಿಡಿಯಾಕ ಬರದ ಹುಡುಗನ ಕೈಯಾಗ ಯಾರರೆ ಹೋರಿ ಕೊಡ್ತಾರೇನ್ರಿ? ಪಳಗಿದ ಎತ್ತು ಕೊಡ್ತಾರ. ಸಾಲು ಎಲ್ಲಿ ತಿರುವಬೇಕಂತ ಅದಕ್ಕ ಗೊತ್ತಿರತೈತಿ, ಹುಡುಗ ಸುಮ್ನ ಹಿಂದ ನಡದ್ರ ಆತು." ಗಾಲ್ಫಿನ ಬಗ್ಗೆ ಇದಕ್ಕಿಂತ ಬುದ್ಧಿವಂತಿಕೆಯ ಮಾತನ್ನು ನಾನು ಈವರೆಗೂ ಕೇಳಿಲ್ಲ.

ಇಬ್ಬರೂ ಸಾಹೇಬರ ಬಂಗಲೆಗೆ ಹೋದೆವು. ಮಾವನವರು ಒಂದೊಂದೇ ಕೋಲನ್ನು ಬಿಸಿಲಿಗೆ ಹಿಡಿದು, ಮರದ ಗೆರೆಗಳಲ್ಲಿ ಸುಳಿ ಇದೆಯೇ ಎಂದು ನೋಡಿದರು. ಎತ್ತಿನ ಮೈಮೇಲೆ ಕೆಟ್ಟ ಸುಳಿ ಇದ್ದರೆ ಅದು ಯಜಮಾನನ ಮನೆ ತೊಳೆಯುತ್ತದೆ, ಕೋಲಿನದೂ ಅದೇ ಗತಿ ಇರಬಹುದು. ಕಬ್ಬಿಣದ ತಲೆಯನ್ನು ಗೊರಸು ತಟ್ಟಿದ ಹಾಗೆ ತಟ್ಟಿದರು. ಅಂಗಳದಲ್ಲಿ ಕೋಲು ನೆಟ್ಟಗೆ ನಿಲ್ಲಿಸಿ ಸುತ್ತಲೂ ಒಂದು ಸುತ್ತು ಹಾಕಿದರು. ಆಮೇಲೆ, ನಾನು ತಡೆಯುವಷ್ಟರಲ್ಲಿ, ಸಾಹೇಬರ ಬಲಗೈ ಹಿಡಿದು ಅದರ ಮೇಲೆ ಟಾವೆಲ್ ಹೊದಿಸಿದರು. ನಮ್ಮ ಸಂತೆಯಲ್ಲಿ ಎತ್ತಿನ ಬೆಲೆಯನ್ನು ಬಾಯಿಬಿಟ್ಟು ಯಾರೂ ಹೇಳುವುದಿಲ್ಲ, ಬಟ್ಟೆಯ ಕೆಳಗೆ ಬೆರಳು ಹಿಡಿದು ಒತ್ತುತ್ತಾರೆ, ಬೆರಳು ಹೆಚ್ಚಿದಷ್ಟೂ ಬೆಲೆ ಹೆಚ್ಚು. ಇದನ್ನು ಸಾಹೇಬರಿಗೆ ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ನಾನು ಯೋಚಿಸುತ್ತಿರುವಾಗಲೇ ಟಾವೆಲ್ ಅಲ್ಲಾಡತೊಡಗಿತು. ಊರು ಬಿಟ್ಟು ಹೋಗುವವನನ್ನು ಇಲ್ಲಿಯ ಜನ ಹೀಗೆ ಬೀಳ್ಕೊಡುತ್ತಾರೆಂದು ಸಾಹೇಬರು ತಿಳಿದಿರಬೇಕು, ಅವರ ಕಣ್ಣುಗಳು ತೇವವಾದವು. ಪ್ರೀತಿಯಿಂದ ಮಾವನವರ ಐದೂ ಬೆರಳುಗಳನ್ನು ಒಟ್ಟಿಗೆ ಹಿಚುಕಿದರು. ಮಾವನವರು ಹೌಹಾರಿ, "ಐದೂ ಹಿಡಿತಾರಲ್ರಿ ಇವರು, ಭಾಳಾತು" ಎಂದು ನನಗೆ ಹೇಳಿ ಮತ್ತೆ ಒತ್ತಿದರು. ಸಾಹೇಬರು ಮತ್ತೆ ಹಿಚುಕಿದರು. ಕೊನೆಗೆ ಯಾವ ಬೆರಳಿಗೆ ಒಪ್ಪಂದವಾಯಿತೋ, ಮಾವನವರು ಬಾರಾಬಂದಿ ಅಂಗಿಯ ಒಳಗಿನಿಂದ ಏನೋ ತೆಗೆದು ಕೊಟ್ಟರು. ಸಾಹೇಬರು ಕೋಲು, ಚೀಲ, ಹತ್ತು ಚೆಂಡು, ಮೇಲೆ ಒಂದು ಟೊಪ್ಪಿಗೆಯನ್ನೂ ಕೊಟ್ಟರು. ಎಷ್ಟಕ್ಕೆ ಆಯಿತೆಂದು ದಾರಿಯಲ್ಲಿ ಕೇಳಿದೆ. "ಟಾವೆಲ್ ಕೆಳಗಿನ ಮಾತು ಹೊರಗ ಹೇಳಬಾರದ್ರಿ ಅಳಿಯಾರ" ಎಂದರು. ಅವರು ಹೇಳಲಿಲ್ಲ, ನನಗೆ ಇವತ್ತಿಗೂ ಗೊತ್ತಿಲ್ಲ.

ಮನೆಯಲ್ಲಿ ಗಂಗವ್ವ, ಅಂದರೆ ನನ್ನ ಹೆಂಡತಿ, ಹೊಸ್ತಿಲಲ್ಲೇ ತಡೆದಳು. ಕೋಲು ಹಿಡಿಯುವ ಜಾಗಕ್ಕೆ ಸುತ್ತಿದ್ದ ಪಟ್ಟಿಯನ್ನು ಮೂಸಿ ನೋಡಿ, "ತೊಗಲ ಐತ್ರಿ ಇದು. ಲಿಂಗಪೂಜಿ ಮನಿಯೊಳಗ ಬ್ಯಾಡ" ಎಂದಳು. ತಂದೆಯ ಮುಖ ನೋಡಿಯೂ ಜಗ್ಗಲಿಲ್ಲ. ಕೋಲುಗಳು ಹಿತ್ತಲಿನಲ್ಲಿ ಸೆಗಣಿಯ ಕುಳ್ಳಿನ ಗೂಡಿನ ಬಾಜೂ ನಿಂತವು. ಊಟಕ್ಕೆ ಕೂತಾಗ ಬೆರಳಿನ ವ್ಯಾಪಾರದ ಕತೆಯನ್ನು ಬಣ್ಣ ಕಟ್ಟಿ ಹೇಳಿದೆ. ಅವಳು ನಗುತ್ತ ನಗುತ್ತ ಮೈಮರೆತು ನನ್ನ ತಾಟಿಗೆ ಎಡಗೈಯಿಂದ ರೊಟ್ಟಿ ಹಾಕಲು ಬಂದಳು. "ಬಲಗೈ" ಎಂದೆ. ಅವಳು ನಗು ನಿಲ್ಲಿಸಿ ಕೈ ಬದಲಿಸಿದಳು. ಅವಳಿಗೆ ಹುಟ್ಟಿನಿಂದಲೇ ಎಡಗೈಯೇ ಮುಂದು. ನಮ್ಮವ್ವ ಬದುಕಿರುವ ತನಕ ಸೌಟಿನಿಂದ ಆ ಕೈಗೆ ಬುದ್ಧಿ ಕಲಿಸಿದಳು, ಅವ್ವನ ನಂತರ ಆ ಅಧಿಕಾರವನ್ನು ನಾನು ವಹಿಸಿಕೊಂಡಿದ್ದೆ. ಸೌಟು ಎತ್ತಿದವನಲ್ಲ. ಒಂದೇ ಮಾತು, ದಿನಕ್ಕೆ ಎರಡು ಸಲ.

ಮರುದಿನದಿಂದ ಹಿತ್ತಲಿನಲ್ಲಿ ಅಭ್ಯಾಸ ಶುರುವಾಯಿತು. ಕೋಲಿನ ತಲೆಗೆ ಎರಡು ಮುಖ. ಒಂದು ಕಡೆ ಗೆರೆ ಕೊರೆದಿತ್ತು, ಇನ್ನೊಂದು ಕಡೆ ಮಾಡಿದವರ ಹೆಸರು ಕೆತ್ತಿತ್ತು. ನಾನು ಕೋಲು ಹಿಡಿದು ನಿಂತರೆ ಹೆಸರಿದ್ದ ಕಡೆಯೇ ಚೆಂಡಿಗೆ ತಾಗುತ್ತಿತ್ತು. ಯಾರಾದರೂ ತಮ್ಮ ಹೆಸರನ್ನು ಹಿಂದಕ್ಕೆ ಬರೆದುಕೊಳ್ಳುತ್ತಾರೆಯೇ ಎಂದು ತರ್ಕ ಮಾಡಿ ಸಮಾಧಾನಪಟ್ಟೆ. ಬೀಸಿ ಹೊಡೆದರೆ ಚೆಂಡು ಮೇಲೇಳುವ ಬದಲು ನೆಲಕ್ಕೆ ಇಳಿಯುತ್ತಿತ್ತು. ಇಪ್ಪತ್ತು ದಿನದಲ್ಲಿ ಹಿತ್ತಲಿನ ತುಂಬ ಬದನೆ ಸಸಿ ಹಚ್ಚುವಷ್ಟು ಗುಣಿಗಳಾದವು, ಚೆಂಡು ಒಮ್ಮೆಯೂ ಗೋಡೆ ಮುಟ್ಟಲಿಲ್ಲ. ಮಾವನವರು ನಡುವೆ ಬಂದು ನೋಡಿ, "ಎತ್ತು ಹೊಸ ಮನಿ ಹಿಡಿಯಾಕ ದಿನಾ ಬೇಕ್ರಿ, ಬೆದರಸಬ್ಯಾಡ್ರಿ" ಎಂದು ಹೋದರು. ಗಂಗವ್ವ ಗೋಡೆಯ ಬದಿಯಲ್ಲಿ ಕುಳ್ಳು ತಟ್ಟುತ್ತ ಸುಮ್ಮನೆ ನೋಡುತ್ತಿದ್ದಳು. ಕುಳ್ಳನ್ನು ಅವಳು ಎಡಗೈಯಿಂದ ತಟ್ಟುತ್ತಿದ್ದಳು. ಅದಕ್ಕೆ ನಮ್ಮ ಮನೆಯಲ್ಲಿ ಯಾರ ತಕರಾರೂ ಇರಲಿಲ್ಲ.

ದಸರೆಗೆ ಮೂರು ದಿನವಿರುವಾಗ ಸೋತು ಫಕೀರಪ್ಪನನ್ನು ಕರೆದುಕೊಂಡು ಬಂದೆ. ಅವನು ಒಂದು ಕೋಲನ್ನು ಕೈಗೆತ್ತಿಕೊಂಡು ತಿರುಗಿಸಿದ, ನನ್ನ ಮುಖ ನೋಡಿದ, ಮತ್ತೆ ತಿರುಗಿಸಿದ. "ಯಾಕ ಫಕೀರಪ್ಪ, ಸುಳಿ ಐತೇನು?" ಎಂದೆ. "ಸುಳಿ ಇಲ್ರಿ ಸಾಹೇಬ್ರ" ಎಂದ. "ಆ ನೂಲಿನ ಸಾಹೇಬ್ರು ಎಡಚರಿದ್ರ್ರಿ. ಇವು ಎಡಗೈಯವರ ಕೋಲ. ನೀವು ಕೋಲಿನ ಬೆನ್ನಿಲೆ ಹೊಡ್ಯಾಕತ್ತೀರಿ." ನಾನು ಕುಳ್ಳಿನ ಗೂಡಿಗೆ ಆತು ನಿಂತೆ. ಏಳು ವರ್ಷ ಆ ಸಾಹೇಬರ ಸಹಿ ಮಾಡಿಸಿದವನು ನಾನು. ದಿನಕ್ಕೆ ಹತ್ತು ಕಾಗದ ಅವರ ಮುಂದೆ ಇಟ್ಟು, ಅವರು ಬರೆಯುವುದನ್ನು ನಿಂತು ನೋಡಿ, ಶಾಯಿ ಒತ್ತಿ ತಂದವನು. ಸಹಿ ನೋಡಿದ್ದೆ, ಕೈ ನೋಡಿರಲಿಲ್ಲ.

ಸುದ್ದಿ ಮುಟ್ಟಿ ಮಾವನವರು ಮೂಡಲಗಿಯಿಂದ ಬಂದರು. ಕಟ್ಟೆಯ ಮೇಲೆ ಕೂತು ಕೋಲುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. ನೊಗದ ಎಡಕ್ಕೆ ಹೂಡಿ ರೂಢಿಯಾದ ಎತ್ತು ಬಲಕ್ಕೆ ನಡೆಯುವುದಿಲ್ಲವೆಂದು ಸಂತೆಯಲ್ಲಿ ಎಲ್ಲರಿಗೂ ಬುದ್ಧಿ ಹೇಳುವವರು ಅವರೇ. "ಮೊದಲ ಕೇಳೂದ ಅದನ್ನ ಕೇಳ್ರಿ. ಎಡಕ್ಕಿನ ಎತ್ತೋ, ಬಲಕ್ಕಿಂದೋ ಅಂತ. ನಲವತ್ತು ವರ್ಷ ಕೇಳೇನಿ. ಅವತ್ತ ಮರತೆ" ಎಂದರು. ಅವರನ್ನು ಅಷ್ಟು ಕುಗ್ಗಿದ್ದು ನಾನು ನೋಡಿರಲಿಲ್ಲ, ನನಗೆ ನನ್ನ ಕಷ್ಟವೇ ಮರೆತುಹೋಯಿತು. ಸಾಹೇಬರು ಆಗಲೇ ಹಡಗು ಹತ್ತಿದ್ದರು, ತಿರುಗಿ ಕೊಡುವಂತಿರಲಿಲ್ಲ. ಆಮೇಲೆ ಮಾವನವರು ತಟ್ಟನೆ ಎದ್ದು ಟಾವೆಲ್ ಕೊಡವಿ, "ಎತ್ತು ತಿರುಗೂದಿಲ್ಲ. ನೀವ ತಿರುಗ್ರಿ" ಎಂದು ಹೇಳಿ ಊರಿಗೆ ಹೋಗಿಬಿಟ್ಟರು.

ಈ ಸುದ್ದಿ ಆಫೀಸಿಗೆ ಹೇಗೆ ಹೋಯಿತೋ ಕಾಣೆ. ಬಾಬುರಾವ್ ಅಂದು ಕೋಟಿನ ಮಾತೆತ್ತಲಿಲ್ಲ. ಹತ್ತಿರ ಬಂದು ಮೆಲ್ಲಗೆ, "ನನ್ನ ಕೋಲ ತಗೋರಿ ಬೇಕಾದ್ರ. ಮನಸಿಗೆ ಹಚ್ಚಕೋಬ್ಯಾಡ್ರಿ" ಎಂದರು. ಏಳು ವರ್ಷದ ಚೇಷ್ಟೆಯನ್ನು ತಡೆದುಕೊಂಡಿದ್ದೆ, ಈ ಕರುಣೆಯನ್ನು ತಡೆದುಕೊಳ್ಳಲಾಗಲಿಲ್ಲ. "ನಾ ಎಡಗೈ ಕೋಲು ಬೇಕಂತನ ತಗೊಂಡೇನ್ರಿ. ನೀವು ನಿಮ್ಮ ಹಳ್ಳ ನೋಡಕೊಳ್ರಿ" ಎಂದು ಹೇಳಿ, ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು ಹೊರಗೆ ಬಂದೆ. ಸುಳ್ಳು ಹೇಳಿದ್ದಕ್ಕೆ ನನಗೆ ಏನೂ ಅನ್ನಿಸಲಿಲ್ಲ, ಇಂದಿಗೂ ಅನ್ನಿಸುವುದಿಲ್ಲ.

ಆ ಸಂಜೆ ಹಿತ್ತಲಿನಲ್ಲಿ ಎಡಕ್ಕೆ ತಿರುಗಿ ನಿಂತೆ. ಕೋಲು ಬೀಸಿದೆ, ಚೆಂಡು ಅಲ್ಲೇ ಇತ್ತು, ನಾನು ಇರಲಿಲ್ಲ. ಎರಡನೆಯ ಸಲ ಕೋಲು ಕೈಬಿಟ್ಟು ತೆಂಗಿನ ಬುಡಕ್ಕೆ ಹೋಯಿತು. ಮೂರನೆಯ ಸಲ ಬಿದ್ದವನು ಏಳುವಷ್ಟರಲ್ಲಿ ಗಂಗವ್ವ ಸೆಗಣಿ ಕೈ ತೊಳೆದುಕೊಂಡು ಬಂದು, "ಕೊಡ್ರಿ ಇಲ್ಲೆ" ಎಂದಳು. "ತೊಗಲ ಐತಿ" ಎಂದು ನೆನಪಿಸಿದೆ. "ಆಮ್ಯಾಲೆ ಮತ್ತ ತೊಳಕೊಂಡ್ರಾತು" ಎಂದು ಸೆರಗು ಸಿಕ್ಕಿಸಿಕೊಂಡು, ಎಡಕ್ಕೆ ನಿಂತು, ಯಾವ ಗಡಿಬಿಡಿಯೂ ಇಲ್ಲದೆ ಕೋಲೆತ್ತಿದಳು. ಟಪ್ ಎಂದಿತು. ಚೆಂಡು ಗೋಡೆಯ ಮೇಲಿನಿಂದ, ಬೇವಿನ ಗಿಡದ ಮೇಲಿನಿಂದ ಹಾಯ್ದು ಬಾಜೂ ಮನೆಯವರ ಬಣವೆಯಲ್ಲಿ ಹೋಗಿ ಸೇರಿತು. ಅವಳು ಚೆಂಡು ಹೋದ ದಿಕ್ಕನ್ನೇ ನೋಡುತ್ತ ಸ್ವಲ್ಪ ಹೊತ್ತು ನಿಂತಳು. ಮದುವೆಯಾದಾಗಿನಿಂದ ಆ ಮುಖದ ಮೇಲೆ ಆ ಸಂತೋಷವನ್ನು ನಾನು ಕಂಡಿರಲಿಲ್ಲ.

"ಇನ್ನೊಂದು ಇಡ್ರಿ" ಎಂದಳು. ಇಟ್ಟೆ. ಅದೂ ಬಣವೆಗೆ ಹೋಯಿತು. ಆಮೇಲೆ ಎರಡು ದಿನ ಅವಳೇ ನನ್ನ ಮಾಸ್ತರು. "ರೊಟ್ಟಿ ಬಡದಂಗ್ರಿ. ಸಿಟ್ಟಿಲೆ ಬಡದ್ರ ಹರೀತೈತಿ, ಅಂಜಿ ಬಡದ್ರ ದಪ್ಪಾಕ್ಕೈತಿ. ಕೈ ತಾನ ತಿರುಗಬೇಕು, ನೀವು ತಿರುವಬಾರದು" ಎನ್ನುತ್ತಿದ್ದಳು. ನಾನು ಬಲಕ್ಕೆ ವಾಲಿದರೆ, "ಎಡಗೈ" ಎಂದು ಗದರುತ್ತಿದ್ದಳು. ಒಂದೇ ಮಾತು, ದಿನಕ್ಕೆ ಇನ್ನೂರು ಸಲ. ನಡುವೆ ಒಮ್ಮೆ ತನ್ನ ಎಡಗೈಯ ಬೆರಳ ಗೆಣ್ಣುಗಳನ್ನು ಸವರಿಕೊಂಡು, "ಅತ್ತಿಯವರು ಇದಕ್ಕ ಎಷ್ಟು ಹೊಡದ್ರು. ಇದಕ್ಕೂ ಒಂದು ಕೆಲಸ ಇತ್ತು ನೋಡ್ರಿ" ಎಂದಳು. ನಾನು ಚೆಂಡು ಹುಡುಕುವ ನೆಪ ಮಾಡಿ ಬಣವೆಯ ಕಡೆ ಹೋದೆ.

ದಸರೆಯ ದಿನ ಬಾಬುರಾವ್ ನಮ್ಮ ಮನೆಗೆ ಬಂದು ಬನ್ನಿ ಕೊಟ್ಟು, "ಬಂಗಾರದಂಗ ಇರೋಣ್ರಿ" ಎಂದರು. ನಾನೂ ಕೊಟ್ಟೆ. ಮರುದಿನ ಮರಡಿಯ ಮೇಲೆ ಇಡೀ ಆಫೀಸು ಬೇಲಿಯ ಆಚೆ ನೆರೆದಿತ್ತು. ಬಾಬುರಾವ್ ಖಂಡೆ ಪೂಜೆಯಲ್ಲಿ ಆಯುಧಗಳ ಸಾಲಿಗೆ ಇಟ್ಟು ಕುಂಕುಮ ಹಚ್ಚಿದ್ದ ಹೊಸ ಕೋಲು ಎತ್ತಿ, ಮೊದಲ ಚೆಂಡನ್ನೇ ಹಳ್ಳ ದಾಟಿಸಿದರು. ಇದನ್ನು ಮುಚ್ಚಿಡುವ ಮನುಷ್ಯ ನಾನಲ್ಲ. ಆದರೆ ಅದರಿಂದ ಹೊಸ ಕೋಲಿನ ಹಿರಿಮೆ ಏನೂ ಸಾಬೀತಾಗುವುದಿಲ್ಲ, ಅವತ್ತು ಗಾಳಿ ಅವರ ಬೆನ್ನಿಗಿತ್ತು. ನನ್ನ ಹೊತ್ತಿಗೆ ಗಾಳಿ ಬಿದ್ದುಹೋಯಿತು. ನಾನು ಎಡಕ್ಕೆ ತಿರುಗಿ ನಿಂತಾಗ ಬೇಲಿಯ ಆಚೆ ನಗು ಎದ್ದಿತು. ಮೊದಲ ಚೆಂಡು ಕೋಲಿಗೆ ಸಿಗಲೇ ಇಲ್ಲ. ಎರಡನೆಯದು ಮುಗ್ಗರಿಸುತ್ತ ಹೋಗಿ ಹಳ್ಳದಲ್ಲಿ ಇಳಿಯಿತು. ಫಕೀರಪ್ಪ ಮೂರನೆಯದನ್ನು ಒರೆಸಿ ಇಟ್ಟ. ನಾನು ಕೋಟು ಬಿಚ್ಚಲಿಲ್ಲ. ಬೀಳುವುದಾದರೆ ಇಬ್ಬರೂ ಒಟ್ಟಿಗೆ ಬೀಳೋಣ ಎಂದುಕೊಂಡೆ. ಹಳ್ಳ ನೋಡಲಿಲ್ಲ, ಬಾಬುರಾವ್ ಅವರನ್ನೂ ನೋಡಲಿಲ್ಲ, ರೊಟ್ಟಿ ಬಡಿಯುವ ಸದ್ದನ್ನು ಮನಸ್ಸಿಗೆ ತಂದುಕೊಂಡು ಕೋಲೆತ್ತಿದೆ. ಚೆಂಡು ಹಳ್ಳದ ಆಚೆಯ ದಂಡೆಗೆ ಬಿದ್ದು, ಒಂದು ಕ್ಷಣ ಹಿಂದಕ್ಕೆ ಬರಲೋ ಎಂದು ಯೋಚಿಸಿ, ಅಲ್ಲೇ ನಿಂತಿತು.

ದೊಡ್ಡ ಸಾಹೇಬರು ಬಂದು ಕೈ ಕುಲುಕಿದರು. ಎಡಗೈ ಆಟಗಾರ ಸಿಗುವುದು ಅಪರೂಪ, ಯಾರು ಕಲಿಸಿದರು ಎಂದು ಕೇಳಿದರು. ಹೆಡ್ ಕ್ಲಾರ್ಕರು, ಬಾಬುರಾವ್, ಬೇಲಿಯಾಚೆಯ ಮಂದಿ, ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು. ಇಡೀ ಆಫೀಸಿಗೆ ಎದುರು ನಿಂತ ಧೈರ್ಯ ನನ್ನಲ್ಲಿತ್ತು, ಒಂದು ಹೆಸರು ಹೇಳುವ ಧೈರ್ಯ ಇರಲಿಲ್ಲ. "ನಾನೇ ಕಲಿತೆ" ಎಂದೆ. ಚೀಲ ಹೆಗಲಿಗೇರಿಸುತ್ತಿದ್ದ ಫಕೀರಪ್ಪ ಒಮ್ಮೆ ನನ್ನ ಕಡೆ ನೋಡಿದ.

ಮನೆಗೆ ಬಂದು ಊಟಕ್ಕೆ ಕೂತು ಗೆದ್ದ ಕತೆಯನ್ನು ಎರಡು ಸಲ ಹೇಳಿದೆ. ಗಂಗವ್ವ ಒಲೆಯ ಮುಂದೆ ಕೂತು ಕೇಳಿ, "ಯಾರು ಕಲಿಸಿದ್ರಂತ ಸಾಹೇಬ್ರು ಕೇಳ್ಲಿಲ್ಲೇನ್ರಿ?" ಎಂದಳು. "ಕೇಳಿದ್ರು" ಎಂದೆ. "ಏನಂದ್ರಿ?" ನಾನು ತಾಟಿನಲ್ಲಿದ್ದ ಹಿಂಡಿ ಚಟ್ನಿಯನ್ನು ಬೆರಳಿನಿಂದ ಒಂದು ಕಡೆಗೆ ಸರಿಸಿದೆ, ಮತ್ತೆ ಈಚೆ ಕಡೆಗೆ ಸರಿಸಿದೆ. ಅವಳು ಹಂಚಿನ ಮೇಲಿದ್ದ ರೊಟ್ಟಿ ತೆಗೆದು, ನನ್ನ ಮುಖ ನೋಡುತ್ತ, ಎಡಗೈಯಿಂದ ನನ್ನ ತಾಟಿಗೆ ಹಾಕಿದಳು.

ಇದೆಲ್ಲ ಆಗಿ ಬಹಳ ವರ್ಷಗಳಾದವು. ನಾನು ಆ ಬಯಲಿನಲ್ಲಿ ಅದೇ ಹಳೆಯ ಕೋಲುಗಳಿಂದ ಎಷ್ಟೋ ರವಿವಾರ ಆಡಿದೆ. ನಮ್ಮ ಮನೆಯ ಒಳ್ಳೆಯ ಆಟಗಾರ್ತಿ ಆ ಬೇಲಿಯನ್ನು ಒಮ್ಮೆಯೂ ದಾಟಲಿಲ್ಲ. ಕೋಟು ಇನ್ನೂ ಗೂಟಕ್ಕೆ ತೂಗುತ್ತಿದೆ. ಕಲಿಯುವವರು ಹೊಸದನ್ನೇ ಕೊಳ್ಳಬೇಕು ಎನ್ನುವವರು ಯಾರಾದರೂ ಇದ್ದರೆ ಬರಲಿ, ಎಷ್ಟು ಹೊತ್ತು ಬೇಕಾದರೂ ವಾದ ಮಾಡುತ್ತೇನೆ, ಒಂದು ಹೆಜ್ಜೆ ಹಿಂದೆ ಸರಿಯುವುದಿಲ್ಲ. ಊಟದ ಹೊತ್ತಿಗೆ ಮಾತ್ರ ಬರಬೇಡಿ. ಆಗ ನಾನು ತಲೆ ತಗ್ಗಿಸಿ, ಯಾವ ಕೈಯಿಂದ ಬಡಿಸಿದರೂ ಸುಮ್ಮನೆ ಉಣ್ಣುತ್ತಿರುತ್ತೇನೆ.